ಸ್ಟೀರಿಂಗ್ ನಮ್ಮ ಕೈಲಿದೆಯೋ, ಕಾರಿನ ಕೈಲಿದೆಯೋ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಹೊಸ ಕಾರು ತಗೊಂಡ ಗೆಳೆಯರು, ನೆಂಟರು ಈಗೀಗ ನನಗೆ ಫೋನ್ ಮಾಡಿದರೆ ಮೈಲೇಜ್ ಬಗ್ಗೆ ಕೇಳೋದಿಲ್ಲ. ಸರ್ವಿಸ್ ಬಗ್ಗೆಯೂ ಕೇಳೋದಿಲ್ಲ. ‘ಈ ಕಾರು ತಾನೇ ಸ್ಟೀರಿಂಗ್ ಎಳೆಯುತ್ತಲ್ಲ, ಇದನ್ನ ನಿಲ್ಲಿಸೋದು ಹೇಗೆ?’ ಅಂತಾರೆ. ಅದೇ ಇವತ್ತಿನ ವಿಷಯ. ಲೇನ್ ಕೀಪ್ ಅಸಿಸ್ಟ್. ಅಂದರೆ ಕಾರು ತನ್ನ ಪಥ ಬಿಟ್ಟು ಆಚೀಚೆ ಹೋಗದ ಹಾಗೆ ಕಾಯುವ ವ್ಯವಸ್ಥೆ.

ನಮ್ಮ ಭಾವನಿಂದಲೇ ಶುರು ಮಾಡ್ತೀನಿ. ದಾವಣಗೆರೆಯಲ್ಲಿದ್ದಾರೆ, ಮೂವತ್ತು ವರ್ಷದಿಂದ ಕಾರು ಓಡಿಸ್ತಿದ್ದಾರೆ. ಮಾರುತಿ 800 ಕಾಲದ ಚಾಲಕರು. ಕಳೆದ ವರ್ಷ ಒಂದು ದೊಡ್ಡ ಕಾರು ತಗೊಂಡರು. ಅಡಾಸ್ ಇರೋ ಕಾರು. ಯಾವ ಕಂಪನಿ ಅಂತ ಬೇಡ, ಈ ಕಥೆಗೆ ಅದು ಮುಖ್ಯ ಅಲ್ಲ. ಕಾರು ಬಂದ ವಾರದಲ್ಲೇ ನಾನು ಅಕ್ಕನ ಮನೆಗೆ ಹೋಗಿದ್ದೆ. ‘ಬಾರಯ್ಯ, ಚಿತ್ರದುರ್ಗದ ತನಕ ಒಂದು ಸುತ್ತು ಹೋಗಿ ಬರೋಣ’ ಅಂದರು.

ಹೈವೇಗೆ ಬಂದು ಹತ್ತು ನಿಮಿಷ ಆಗಿರಲಿಲ್ಲ. ಎಡಗಡೆ ಒಬ್ಬ ರೈತರು ಬೈಕಿನ ಹಿಂದೆ ಹುಲ್ಲಿನ ಹೊರೆ ಕಟ್ಟಿಕೊಂಡು ಹೋಗ್ತಿದ್ದರು. ಭಾವ ಸಹಜವಾಗಿ ಸ್ವಲ್ಪ ಬಲಕ್ಕೆ ಸರಿದರು, ಬೈಕಿಗೆ ಜಾಗ ಬಿಡೋದಕ್ಕೆ. ತಕ್ಷಣ ಟಿಣ್ ಟಿಣ್ ಅಂತ ಸದ್ದು. ಸ್ಟೀರಿಂಗ್ ಎಡಕ್ಕೆ ಎಳೆಯಿತು. ಎಡಕ್ಕೆ ಅಂದರೆ ಎಲ್ಲಿಗೆ? ಆ ಬೈಕಿನ ಕಡೆಗೇ. ಭಾವ ಗಟ್ಟಿಯಾಗಿ ಹಿಡಿದು ಬಲಕ್ಕೇ ಇಟ್ಟುಕೊಂಡರು, ಏನೂ ಆಗಲಿಲ್ಲ. ಆದರೆ ಮುಖ ಕೆಂಪಾಗಿತ್ತು. ‘ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಪಕ್ಕದಲ್ಲಿ ಕೂತು ಸ್ಟೀರಿಂಗಿಗೆ ಕೈ ಹಾಕಿದ ಹಾಗಾಯ್ತಲ್ಲೋ! ಇದನ್ನ ಮೊದಲು ಆಫ್ ಮಾಡು’ ಅಂದರು. ನಾನು ಒಂದು ಡಾಬಾ ಹತ್ತಿರ ನಿಲ್ಲಿಸಿ, ಮೆನು ಒಳಗೆ ಹೋಗಿ, ಎರಡು ನಿಮಿಷದಲ್ಲಿ ಆಫ್ ಮಾಡಿಕೊಟ್ಟೆ. ಆ ಎರಡು ನಿಮಿಷದ ವಿಷಯಕ್ಕೆ ಆಮೇಲೆ ಬರ್ತೀನಿ.

ಮೊದಲು ಇದು ಕೆಲಸ ಮಾಡೋದು ಹೇಗೆ ಅಂತ ನೋಡೋಣ. ಒಳಗಿನ ಕನ್ನಡಿಯ ಹಿಂದೆ, ಮುಂದಿನ ಗಾಜಿಗೆ ಅಂಟಿಕೊಂಡ ಹಾಗೆ ಒಂದು ಕ್ಯಾಮೆರಾ ಇರುತ್ತೆ. ಅದು ಕಪ್ಪು ಡಾಂಬರಿನ ಮೇಲಿರುವ ಬಿಳಿ ಗೆರೆಗಳನ್ನ ಹುಡುಕುತ್ತೆ. ಎಡಗೆರೆ ಎಲ್ಲಿ, ಬಲಗೆರೆ ಎಲ್ಲಿ, ಚಕ್ರ ಯಾವ ಗೆರೆಯ ಹತ್ತಿರ ಹೋಗ್ತಿದೆ ಅಂತ ಲೆಕ್ಕ ಹಾಕುತ್ತೆ. ಇಂಡಿಕೇಟರ್ ಹಾಕದೆ ಗೆರೆ ದಾಟೋದಕ್ಕೆ ಹೊರಟರೆ ಇದು ತಪ್ಪಿ ಆಗ್ತಿದೆ ಅಂತ ತೀರ್ಮಾನಿಸುತ್ತೆ. ಈಗಿನ ಕಾರುಗಳಲ್ಲಿ ಪವರ್ ಸ್ಟೀರಿಂಗ್ ವಿದ್ಯುತ್ ಮೋಟಾರಿನದ್ದಾಗಿರೋದರಿಂದ ಅದೇ ಮೋಟಾರಿಗೆ ‘ಸ್ವಲ್ಪ ಒಳಕ್ಕೆ ತಿರುಗಿಸು’ ಅಂತ ಹೇಳುತ್ತೆ. ಅಷ್ಟೇ ವಿಷಯ.

ಇದರಲ್ಲಿ ಮೂರು ಥರ ಇದೆ. ಷೋರೂಮಿನವರು ಮೂರನ್ನೂ ಕಲಸಿ ಹೇಳೋದರಿಂದ ಗೊಂದಲ. ಒಂದು, ಬರೀ ಎಚ್ಚರಿಕೆ: ಸದ್ದು ಮಾಡುತ್ತೆ ಇಲ್ಲ ಸ್ಟೀರಿಂಗ್ ನಡುಗಿಸುತ್ತೆ, ತಿರುಗಿಸೋದಿಲ್ಲ. ಎರಡನೆಯದು, ಗೆರೆ ಹತ್ತಿರ ಬಂದಾಗ ಮಾತ್ರ ಒಳಕ್ಕೆ ತಳ್ಳೋದು. ಮೂರನೆಯದು, ಸದಾ ಎರಡು ಗೆರೆಗಳ ನಟ್ಟನಡುವೆ ಕಾರನ್ನ ಇಟ್ಟುಕೊಳ್ಳೋದು. ಬೈಯುವವರಲ್ಲಿ ಹೆಚ್ಚಿನವರು ಬೈಯೋದು ಮೂರನೆಯದನ್ನ, ಆಫ್ ಮಾಡೋದು ಮಾತ್ರ ಮೂರನ್ನೂ.

ತಂತ್ರಜ್ಞಾನ ತೀರಾ ಹೊಸದೇನಲ್ಲ. ಜಪಾನಿನಲ್ಲಿ ನಿಸ್ಸಾನ್ ಕಂಪನಿ 2001ರಲ್ಲೇ ಸಿಮಾ ಅನ್ನೋ ಕಾರಿನಲ್ಲಿ ಇದನ್ನ ಕೊಟ್ಟಿತ್ತು. ನಮ್ಮಲ್ಲಿ 2021ರಲ್ಲಿ ಎಂಜಿ ಆಸ್ಟರ್, ಮಹೀಂದ್ರ ಎಕ್ಸ್‌ಯುವಿ 700 ಬಂದ ಮೇಲೆ ಅಡಾಸ್ ಅನ್ನೋ ಮಾತು ಮನೆಮನೆಗೆ ಬಂತು. ಈಗ ಸಣ್ಣ ಎಸ್‌ಯುವಿಗಳಲ್ಲೂ ಸಿಗುತ್ತೆ.

ಸರಿ, ಹಾಗಿದ್ದರೆ ಸಿಟ್ಟು ಯಾಕೆ? ನನಗೆ ಅರ್ಥ ಆಗಿರೋದು ಇಷ್ಟು. ಮೂವತ್ತು ವರ್ಷ ಓಡಿಸಿದ ಚಾಲಕ ಬೈಕ್ ದೂರದಲ್ಲಿರುವಾಗಲೇ ನೋಡಿ, ಮುಂಚೆಯೇ, ನಿಧಾನವಾಗಿ, ಪಕ್ಕದಲ್ಲಿ ಕೂತವರಿಗೂ ಗೊತ್ತಾಗದ ಹಾಗೆ ಸರಿಯುತ್ತಾನೆ. ಅದೇ ಒಳ್ಳೆಯ ಚಾಲನೆ. ನಿದ್ದೆ ಹತ್ತಿದವನೂ ಹಾಗೆಯೇ, ನಿಧಾನವಾಗಿಯೇ ಸರಿಯುತ್ತಾನೆ. ಕ್ಯಾಮೆರಾಗೆ ಇಬ್ಬರೂ ಒಂದೇ. ದಡಕ್ಕನೆ ಸ್ಟೀರಿಂಗ್ ತಿರುಗಿಸಿದರೆ ಹೆಚ್ಚಿನ ವ್ಯವಸ್ಥೆಗಳು ‘ಓ, ಚಾಲಕ ಬೇಕಂತಲೇ ಮಾಡ್ತಿದ್ದಾನೆ’ ಅಂತ ಸುಮ್ಮನಾಗುತ್ತವೆ. ಮೆಲ್ಲಗೆ ಸರಿದರೆ ಕೈ ಹಾಕುತ್ತವೆ. ಅಂದರೆ ಜಾಣತನದಿಂದ ಓಡಿಸಿದವನಿಗೇ ಬೈಗುಳ! ಭಾವನಿಗೆ ಅವಮಾನ ಆದ ಹಾಗೆ ಅನ್ನಿಸಿದ್ದರಲ್ಲಿ ಆಶ್ಚರ್ಯ ಇಲ್ಲ.

ಇನ್ನು ಎರಡು ಲೇನಿನ ರಾಜ್ಯ ಹೆದ್ದಾರಿಗೆ ಬನ್ನಿ. ಎದುರಿನಿಂದ ಬಸ್ಸೊಂದು ಲಾರಿಯನ್ನ ಓವರ್‌ಟೇಕ್ ಮಾಡುತ್ತಾ ನಿಮ್ಮ ಅರ್ಧಕ್ಕೇ ಬರುತ್ತೆ. ನೀವೇನು ಮಾಡ್ತೀರಿ? ಎಡಕ್ಕೆ, ಅಂಚಿನ ಗೆರೆ ದಾಟಿ ಮಣ್ಣಿಗೆ ಇಳಿಸ್ತೀರಿ. ಕಾರು ಏನನ್ನುತ್ತೆ? ‘ಗೆರೆ ದಾಟ್ತಿದ್ದೀಯ, ಬಲಕ್ಕೆ ಬಾ’ ಅನ್ನುತ್ತೆ. ಬಲಕ್ಕೆ ಬಸ್ಸಿದೆ. ನಮ್ಮ ರಸ್ತೆಗಳಲ್ಲಿ ಗೆರೆ ದಾಟೋದು ಎಷ್ಟೋ ಸಲ ತಪ್ಪಲ್ಲ, ಜೀವ ಉಳಿಸಿಕೊಳ್ಳೋ ದಾರಿ. ಕೇಂದ್ರ ಸರ್ಕಾರದ ಲೆಕ್ಕದ ಪ್ರಕಾರ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದವರು 1,68,491 ಮಂದಿ. ಅದರಲ್ಲಿ ಶೇ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದವರು. ಬೈಕಿಗೆ ಜಾಗ ಬಿಡೋದಕ್ಕೆ ಅಂತ ಸರಿದ ಕಾರನ್ನ ಮತ್ತೆ ಬೈಕಿನ ಕಡೆ ತಳ್ಳೋ ಯಂತ್ರ ಈ ದೇಶದಲ್ಲಿ ಸಣ್ಣ ವಿಷಯ ಅಲ್ಲ.

ಒಂದು ಭಯ ಮಾತ್ರ ಇಟ್ಟುಕೊಳ್ಳಬೇಡಿ. ಸ್ಟೀರಿಂಗ್ ಲಾಕ್ ಆಗುತ್ತೆ, ನಮ್ಮ ಮಾತು ಕೇಳೋದೇ ಇಲ್ಲ ಅಂತ ಕೆಲವರು ಹೇಳ್ತಾರೆ. ಇಲ್ಲ. ವಿಶ್ವಸಂಸ್ಥೆಯ ವಾಹನ ನಿಯಮ 79ರ ಪ್ರಕಾರ ಇಂಥ ವ್ಯವಸ್ಥೆಯನ್ನ ಮೀರಿ ತಿರುಗಿಸೋದಕ್ಕೆ ಬೇಕಾಗುವ ಬಲ 50 ನ್ಯೂಟನ್ ಮೀರಬಾರದು. ಅಂದರೆ ಸುಮಾರು ಐದು ಕೆ.ಜಿ. ತೂಕ ಎತ್ತುವಷ್ಟು. ನೀವು ಯಾವಾಗಲೂ ಗೆಲ್ತೀರಿ. ಆದರೆ ಆ ಅರೆಕ್ಷಣ ಕಾರಿನ ಜೊತೆ ಕುಸ್ತಿ ಮಾಡಬೇಕಲ್ಲ, ಮೈ ಜುಮ್ ಅನ್ನೋದು ಅದಕ್ಕೆ.

ಗೆರೆಗಳ ಕಥೆ ಬೇರೆಯೇ ಇದೆ. ರಸ್ತೆ ಗುರುತು ಹೇಗಿರಬೇಕು ಅಂತ ನಮ್ಮಲ್ಲಿ ನಿಯಮ ಇಲ್ಲದೆ ಇಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 35 ಅನ್ನೋ ಸಂಹಿತೆಯೇ ಇದೆ. ರಸ್ತೆ ಮೇಲೆ ಏನಿದೆ? ಫ್ಲೈಓವರ್ ಕೆಲಸಕ್ಕೆ ರಸ್ತೆ ತಿರುಗಿಸಿದಾಗ ಹಾಕಿದ ಗೆರೆ, ಕೆಲಸ ಮುಗಿದ ಮೇಲೂ ಹಾಗೇ ಉಳಿದಿರುತ್ತೆ. ಹೊಸ ಗೆರೆ ಅದರ ಮೇಲೆ ಅಡ್ಡಡ್ಡ ಹೋಗಿರುತ್ತೆ. ಡಾಂಬರಿನ ಬಿರುಕಿಗೆ ಟಾರ್ ಸುರಿದ ಪಟ್ಟಿ ಸಂಜೆ ಬಿಸಿಲಿಗೆ ಗೆರೆಯ ಹಾಗೆ ಹೊಳೆಯುತ್ತೆ. ಮಳೆಗಾಲದ ರಾತ್ರಿಯಲ್ಲಂತೂ ಮನುಷ್ಯರ ಕಣ್ಣಿಗೇ ಗೆರೆ ಕಾಣೋದಿಲ್ಲ, ಕ್ಯಾಮೆರಾಗೆ ಎಲ್ಲಿಂದ ಕಾಣಬೇಕು? ಆಗ ಅದು ಹೇಳದೆ ಕೇಳದೆ ಕೈಬಿಡುತ್ತೆ. ಡ್ಯಾಷ್‌ಬೋರ್ಡಿನಲ್ಲಿ ಹಸಿರು ಗೆರೆ ಬೂದು ಬಣ್ಣಕ್ಕೆ ತಿರುಗಿದ್ದನ್ನ ಯಾರು ನೋಡ್ತಾ ಕೂರ್ತಾರೆ?

ಇದು ನಮ್ಮ ರಸ್ತೆಯ ಗೋಳು ಮಾತ್ರ ಅಂದುಕೊಂಡಿದ್ದೆ. ಶಿವಮೊಗ್ಗದ ಗೆಳೆಯನೊಬ್ಬ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಇದ್ದಾನೆ. ಅವನದ್ದೂ ಇದೇ ರಾಗ. ಅಲ್ಲಿ ಕಾಮಗಾರಿ ನಡೆಯುವ ಕಡೆ ಹಳದಿ ಗೆರೆ ಹಾಕ್ತಾರೆ. ಹಳದಿ ಇದ್ದರೆ ಬಿಳಿ ಗೆರೆ ಲೆಕ್ಕಕ್ಕಿಲ್ಲ ಅಂತ ಅಲ್ಲಿನ ನಿಯಮ. ‘ನನಗೆ ಗೊತ್ತು ಮಾರಾಯ, ನನ್ನ ಕಾರಿಗೆ ಗೊತ್ತಿಲ್ಲ. ಪಕ್ಕದಲ್ಲಿ ಲಾರಿ ಇರುವಾಗ ಹಳೇ ಬಿಳಿ ಗೆರೆಯ ಹಿಂದೆ ಹೋಗ್ತೀನಿ ಅನ್ನುತ್ತೆ’ ಅಂತಾನೆ.

ಯುರೋಪಿನಲ್ಲಿ ಇನ್ನೊಂದು ಫಜೀತಿ ಇದೆ. ಅಲ್ಲಿ ಲೇನ್ ಕಾಯುವ ತುರ್ತು ವ್ಯವಸ್ಥೆ ಕಾನೂನಿನ ಪ್ರಕಾರವೇ ಕಡ್ಡಾಯ. 2022ರ ಜುಲೈನಿಂದ ಹೊಸ ಮಾದರಿಗಳಿಗೆ, 2024ರ ಜುಲೈನಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೆ. ಶಾಶ್ವತವಾಗಿ ಆಫ್ ಮಾಡೋ ಹಾಗಿಲ್ಲ. ನೀವು ಆಫ್ ಮಾಡಿದರೂ ಮತ್ತೆ ಕಾರು ಸ್ಟಾರ್ಟ್ ಮಾಡಿದಾಗ ಆನ್ ಆಗಿಯೇ ಬರುತ್ತೆ. ಹಾಗಾಗಿ ನನ್ನ ಗೆಳೆಯ ದಿನಾ ಬೆಳಗ್ಗೆ ಬೆಲ್ಟ್ ಹಾಕಿ, ಆಮೇಲೆ ಆಫ್ ಬಟನ್ ಒತ್ತಿ ಹೊರಡ್ತಾನೆ. ಪೂಜೆ ಥರ. ಜನರ ಈ ಕಾಟ ನೋಡಿಯೇ ರೆನೋ, ಡಾಸಿಯಾ ಕಾರುಗಳಲ್ಲಿ ‘ಮೈ ಸೇಫ್ಟಿ’ ಅಂತ ಒಂದು ಬಟನ್ ಕೊಟ್ಟಿದ್ದಾರೆ. ನಿಮಗೆ ಬೇಕಾದ ಹಾಗೆ ಒಂದು ಸಲ ಹೊಂದಿಸಿಟ್ಟರೆ ಆಮೇಲೆ ಅದನ್ನ ಒತ್ತಿದರೆ ಸಾಕು. ಸುರಕ್ಷತೆಯನ್ನ ಬೇಗ ಆಫ್ ಮಾಡೋದಕ್ಕೇ ಒಂದು ಬಟನ್! ನಗು ಬರುತ್ತೆ. ಆದರೆ ಚಾಲಕರ ಕಷ್ಟ ಕಂಪನಿಗೆ ಅರ್ಥವಾಗಿದೆ ಅಂತಲೂ ಹೇಳಬಹುದು.

ನಮ್ಮಲ್ಲಿ ಕಾರುಗಳಿಗೆ ಇದು ಕಡ್ಡಾಯ ಅಲ್ಲ. ಬಸ್ಸು, ಲಾರಿಗಳಂಥ ದೊಡ್ಡ ವಾಹನಗಳಿಗೆ ಲೇನ್ ತಪ್ಪಿದಾಗ ಎಚ್ಚರಿಸುವ ವ್ಯವಸ್ಥೆ ಕಡ್ಡಾಯ ಮಾಡೋದಕ್ಕೆ ಕೇಂದ್ರ ಸಾರಿಗೆ ಸಚಿವಾಲಯ 2025ರಲ್ಲಿ ಕರಡು ಅಧಿಸೂಚನೆ ಹೊರಡಿಸಿತು. ಚಾಲಕನ ತೂಕಡಿಕೆ ಪತ್ತೆ, ತುರ್ತು ಬ್ರೇಕ್ ಇವೂ ಅದರಲ್ಲಿವೆ. ಗಮನಿಸಿ, ಲೇನ್ ವಿಷಯದಲ್ಲಿ ಕೇಳಿರೋದು ಎಚ್ಚರಿಕೆ ಮಾತ್ರ, ಸ್ಟೀರಿಂಗ್ ತಿರುಗಿಸೋದಲ್ಲ. ನನಗೆ ಅದು ಸರಿ ಅನ್ನಿಸುತ್ತೆ. ರಾತ್ರಿಯಿಡೀ ಓಡಿಸುವ ಸ್ಲೀಪರ್ ಬಸ್ಸಿನ ಚಾಲಕರಿಗೆ ಆ ಒಂದು ಸದ್ದೇ ದೊಡ್ಡದು.

ಈಗ ಇನ್ನೊಂದು ಕಡೆಯನ್ನೂ ಹೇಳಬೇಕು. ಅಮೆರಿಕದಲ್ಲಿ ವಿಮಾ ಕಂಪನಿಗಳು ಸೇರಿ ನಡೆಸುವ ಐಐಎಚ್‌ಎಸ್ ಅನ್ನೋ ಸಂಸ್ಥೆ ಇದೆ. ಅವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರ್ವಿಸಿಗೆ ಬಂದ ಹೋಂಡಾ ಕಾರುಗಳನ್ನ ನೋಡಿದಾಗ, ಲೇನ್ ಎಚ್ಚರಿಕೆ ಇದ್ದ ಕಾರುಗಳಲ್ಲಿ ಸುಮಾರು ಮೂರನೇ ಒಂದು ಭಾಗದಲ್ಲಿ ಮಾತ್ರ ಅದು ಆನ್ ಇತ್ತು. ಅದೇ ಜನ ಮುಂದಿನ ಡಿಕ್ಕಿ ತಡೆಯುವ ವ್ಯವಸ್ಥೆಯನ್ನ ಮಾತ್ರ ಆಫ್ ಮಾಡಿರಲಿಲ್ಲ. ಯಾಕೆಂದರೆ ಅದು ಅಪರೂಪಕ್ಕೆ ಮಾತಾಡುತ್ತೆ, ಇದು ದಿನಾ ಮಾತಾಡುತ್ತೆ. ಮಾರನೇ ವರ್ಷ, 2017ರಲ್ಲಿ, ಅದೇ ಸಂಸ್ಥೆ ಇನ್ನೊಂದು ಅಧ್ಯಯನ ಪ್ರಕಟಿಸಿತು. ಒಂಟಿ ವಾಹನ ರಸ್ತೆ ಬಿಟ್ಟು ಹೋಗೋದು, ಪಕ್ಕಕ್ಕೆ ಉಜ್ಜೋದು, ಎದುರಾಬದುರಾ ಡಿಕ್ಕಿ, ಇಂಥ ಅಪಘಾತಗಳು ಲೇನ್ ಎಚ್ಚರಿಕೆ ಇರುವ ಕಾರುಗಳಲ್ಲಿ ಶೇ 11ರಷ್ಟು ಕಡಿಮೆ. ಜನರಿಗೆ ಗಾಯ ಆಗುವಂಥವು ಶೇ 21ರಷ್ಟು ಕಡಿಮೆ. ಎಷ್ಟೋ ಜನ ಆಫ್ ಮಾಡಿಟ್ಟುಕೊಂಡೂ ಇಷ್ಟು. ಅದು ಅಮೆರಿಕದ ರಸ್ತೆ, ಅಲ್ಲಿನ ಗೆರೆ, ನಿಜ. ಇಲ್ಲಿಗೆ ಹಾಗೇ ತಂದು ಅಂಟಿಸೋಕೆ ಆಗಲ್ಲ. ಆದರೆ ನಿದ್ದೆ ಎಲ್ಲ ದೇಶದಲ್ಲೂ ಒಂದೇ ಥರ ಬರುತ್ತೆ.

ಭಾವನ ಕಥೆಗೆ ವಾಪಸ್ ಬರ್ತೀನಿ. ಈ ವರ್ಷದ ಆರಂಭದಲ್ಲಿ ಬೆಂಗಳೂರಿನಲ್ಲಿ ನಮ್ಮ ಕಡೆಯದ್ದೊಂದು ಮದುವೆ. ರಿಸೆಪ್ಷನ್ ಮುಗಿಸಿ, ಊಟ ಮಾಡಿ, ರಾತ್ರಿ ಒಂದು ಗಂಟೆಗೆ ಭಾವ, ಅಕ್ಕ ಹೊರಟರು. ‘ಇಲ್ಲೇ ಮಲಗಿ, ಬೆಳಗ್ಗೆ ಹೋಗಿ’ ಅಂತ ನಾವೆಲ್ಲ ಹೇಳಿದೆವು. ಬೆಳಗ್ಗೆ ಅಂಗಡಿ ತೆಗೀಬೇಕು ಅಂದರು. ಹಿಂದಿನ ದಿನ ಐದಕ್ಕೆ ಎದ್ದವರು. ಶಿರಾ ದಾಟಿ ಹಿರಿಯೂರಿಗೆ ಇನ್ನೂ ಸ್ವಲ್ಪ ದೂರ ಇದೆ ಅನ್ನುವಾಗ ಕಣ್ಣು ಮುಚ್ಚಿದೆ. ಅಕ್ಕನೂ ನಿದ್ದೆಯಲ್ಲಿದ್ದಳು. ಕಾರು ಎಡಕ್ಕೆ ಹೋಗಿ, ಅಂಚಿನ ಗೆರೆ ದಾಟಿ, ಕಬ್ಬಿಣದ ತಡೆಬೇಲಿಗೆ ಉಜ್ಜಿತು. ಆ ಸದ್ದಿಗೆ ಎಚ್ಚರ ಆಗಿ ಬ್ರೇಕ್ ಹಾಕಿದ್ದಾರೆ. ಎಡಗಡೆ ಕನ್ನಡಿ ಹೋಯ್ತು, ಎರಡು ಬಾಗಿಲು ಹೋಯ್ತು. ಇಬ್ಬರಿಗೂ ಏನೂ ಆಗಲಿಲ್ಲ. ಆ ಜಾಗದಲ್ಲಿ ತಡೆಬೇಲಿ ಇತ್ತು, ಅದಕ್ಕೇ ಈ ಮಾತನ್ನ ನಾನು ಈ ಧ್ವನಿಯಲ್ಲಿ ಹೇಳ್ತಿದ್ದೀನಿ.

ಬೆಳಗ್ಗೆ ಫೋನ್ ಬಂತು. ಭಾವ ನನ್ನನ್ನ ಏನೂ ಅನ್ನಲಿಲ್ಲ. ಅಕ್ಕ ಫೋನ್ ಇಸಕೊಂಡು ಒಂದೇ ಮಾತು ಕೇಳಿದಳು, ‘ಅದೇನೋ ಗೆರೆ ದಾಟಿದರೆ ಕೂಗೋದಿತ್ತಲ್ಲ, ಅದನ್ನ ಆಫ್ ಮಾಡಿದ್ದು ಯಾರು?’

ಉತ್ತರ ಅವಳಿಗೂ ಗೊತ್ತಿತ್ತು.

ಆನ್ ಇದ್ದಿದ್ದರೆ ತಪ್ಪುತ್ತಿತ್ತಾ? ಖಂಡಿತ ಅಂತ ಹೇಳೋಕೆ ನಾನು ಯಾರು? ಆದರೆ ಖಾಲಿ ರಸ್ತೆ, ನಿಚ್ಚಳ ಅಂಚಿನ ಗೆರೆ, ಗಂಟೆಗೆ 80ರ ವೇಗ, ಇಂಡಿಕೇಟರ್ ಇಲ್ಲ, ಮೆಲ್ಲಗೆ ಎಡಕ್ಕೆ ಸರಿಯುವ ಕಾರು. ಈ ವ್ಯವಸ್ಥೆಯನ್ನ ಮಾಡಿರೋದೇ ಇಂಥ ಗಳಿಗೆಗೆ. ನಿದ್ದೆ ಬಂದರೆ ಗಾಡಿ ನಿಲ್ಲಿಸಬೇಕು ಅನ್ನೋದು ಬೇರೆ ಮಾತು, ಅದನ್ನ ಭಾವನಿಗೆ ಅಕ್ಕ ಹೇಳಿದ್ದಾಳೆ, ನಾನು ಹೇಳಬೇಕಾಗಿಲ್ಲ. ನನ್ನ ತಪ್ಪು ಏನು ಅಂದರೆ, ಹಗಲು ಹೊತ್ತಿನ ಒಂದು ಕಿರಿಕಿರಿಗೆ ನಾನು ರಾತ್ರಿಯದ್ದನ್ನೂ ಸೇರಿಸಿ ಆಫ್ ಮಾಡಿದೆ. ಮೆನುವಿನಲ್ಲಿ ‘ಎಚ್ಚರಿಕೆ ಮಾತ್ರ’ ಅಂತ ಆಯ್ಕೆ ಇತ್ತು. ನೋಡಿಯೂ ಬಿಟ್ಟೆ.

ಅವತ್ತಿಂದ ಯಾರು ಫೋನ್ ಮಾಡಿದರೂ ಸ್ವಲ್ಪ ಉದ್ದಕ್ಕೇ ಹೇಳ್ತೀನಿ. ನಿಮಗೂ ಹೇಳ್ತೀನಿ.

ಬೆಂಗಳೂರು-ಮೈಸೂರು ಹೆದ್ದಾರಿಯಂಥ ಕಡೆ ಇದನ್ನ ಪೂರ್ತಿ ಆನ್ ಇಡಿ. 118 ಕಿಲೋಮೀಟರು, ಗೆರೆ ಚೆನ್ನಾಗಿದೆ, 2023ರ ಆಗಸ್ಟ್‌ನಿಂದ ಮುಖ್ಯ ರಸ್ತೆಗೆ ಬೈಕು, ಆಟೊ ಬರೋ ಹಾಗಿಲ್ಲ. ಅಲ್ಲಿ ಇದು ನಿಜಕ್ಕೂ ಆರಾಮ. ಎರಡು ಲೇನಿನ ರಸ್ತೆ, ಊರೊಳಗೆ, ಚಾರ್ಮಾಡಿ, ಶಿರಾಡಿಯಂಥ ಘಾಟಿಯಲ್ಲಿ ಸ್ಟೀರಿಂಗ್ ತಿರುಗಿಸೋದನ್ನ ಆಫ್ ಮಾಡಿ, ಎಚ್ಚರಿಕೆ ಮಾತ್ರ ಇಟ್ಟುಕೊಳ್ಳಿ. ಕೆಲವು ಕಾರುಗಳಲ್ಲಿ ಬೇಗ ಎಚ್ಚರಿಸು, ತಡವಾಗಿ ಎಚ್ಚರಿಸು ಅಂತ ಆಯ್ಕೆ ಇರುತ್ತೆ. ತಡವಾಗಿ ಅಂತ ಇಟ್ಟರೆ ಅರ್ಧ ಸಿಟ್ಟು ಹೋಗುತ್ತೆ. ತುರ್ತು ಬ್ರೇಕ್ ಬೇರೆ ಮೆನುವಿನಲ್ಲಿರುತ್ತೆ, ಈ ಸಿಟ್ಟಿನಲ್ಲಿ ಅದನ್ನ ಮುಟ್ಟಬೇಡಿ. ಹಿಂದಿನಿಂದ ಹೋಗಿ ಗುದ್ದುವ ಅಪಘಾತಗಳನ್ನ ಅದು ಅರ್ಧಕ್ಕೆ ಇಳಿಸಿದೆ ಅಂತ ಅದೇ ಐಐಎಚ್‌ಎಸ್ ಹೇಳುತ್ತೆ.

ಮತ್ತೆ ಆ ಕ್ಯಾಮೆರಾ. ಅದರ ಎದುರಿಗೇ ಫಾಸ್ಟ್ಯಾಗ್ ಅಂಟಿಸಿದವರನ್ನ ನೋಡಿದ್ದೀನಿ. ಕನ್ನಡಿಗೆ ದಪ್ಪ ಹೂವಿನ ಹಾರ ಹಾಕಿ, ‘ಕಾರು ಸುಮ್ಮಸುಮ್ಮನೆ ಕೂಗುತ್ತೆ’ ಅಂತ ದೂರೋರನ್ನೂ ನೋಡಿದ್ದೀನಿ. ದೇವರ ಫೋಟೊ, ಹಾರ ಎಲ್ಲ ಸ್ವಲ್ಪ ಕೆಳಗೆ ಇರಲಿ. ಮುಂದಿನ ಗಾಜು ಬದಲಾಯಿಸಿದರೆ ಕ್ಯಾಮೆರಾವನ್ನ ಮತ್ತೆ ಹೊಂದಿಸಬೇಕು, ಅಂದರೆ ಕ್ಯಾಲಿಬ್ರೇಷನ್ ಮಾಡಿಸಬೇಕು. ಹೊರಗಡೆ ಅಗ್ಗಕ್ಕೆ ಗಾಜು ಹಾಕಿಸಿದರೆ ಅದನ್ನ ಮಾಡಿದ್ದಾರಾ ಅಂತ ಕೇಳಿ.

ಇಂಡಿಕೇಟರ್ ವಿಷಯ ಸ್ವಲ್ಪ ಸೂಕ್ಷ್ಮ. ನಮ್ಮ ಮನಸ್ಸಿನಲ್ಲಿರೋದು ಕಾರಿಗೆ ತಿಳಿಯೋದು ಅದೊಂದರಿಂದಲೇ. ಹಾಕಿದರೆ ಸುಮ್ಮನಿರುತ್ತೆ. ನಮ್ಮಲ್ಲಿ ಹಾಕೋ ಅಭ್ಯಾಸ ಕಡಿಮೆ, ಅದು ನಮ್ಮ ತಪ್ಪೇ. ಆದರೆ ಬೈಕಿಗೆ ಒಂದಡಿ ಜಾಗ ಬಿಡೋದಕ್ಕೆಲ್ಲ ಬಲಗಡೆ ಇಂಡಿಕೇಟರ್ ಹಾಕಿದರೆ ಹಿಂದಿನವನು ಏನಂತ ತಿಳೀಬೇಕು? ಹೈವೇಯಲ್ಲಿ ಲಾರಿಯವರು ಬಲಗಡೆ ಇಂಡಿಕೇಟರ್ ಹಾಕಿದರೆ ‘ನೀನು ಮುಂದೆ ಹೋಗು’ ಅಂತಲೂ ಅರ್ಥ ಇದೆ! ಲೇನ್ ಬದಲಿಸುವಾಗ ತಪ್ಪದೆ ಹಾಕಿ. ಜಾಗ ಬಿಡುವಾಗ ಸ್ಟೀರಿಂಗ್ ಗಟ್ಟಿಯಾಗಿ ಹಿಡಿದಿರಿ, ಕಾರು ಎಳೆದರೂ ನೀವು ಬಿಡಬೇಡಿ.

ಕೈಬಿಟ್ಟು ಓಡಿಸೋರಿಗೆ ಏನು ಹೇಳೋದು? ಅಡಾಸ್ ಆನ್ ಮಾಡಿ, ಸ್ಟೀರಿಂಗ್ ಬಿಟ್ಟು, ಹಾಡಿಗೆ ಕುಣಿಯುವ ರೀಲ್ಸ್ ನೀವೂ ನೋಡಿರ್ತೀರಿ. ಭಾವನಂಥವರು ಕಾರನ್ನ ನಂಬೋದೇ ಇಲ್ಲ, ಇವರು ಪೂರ್ತಿ ನಂಬಿಬಿಡ್ತಾರೆ. ಇಬ್ಬರಿಗೂ ಇದೇನು, ಇದರಿಂದ ಏನಾಗುತ್ತೆ, ಏನಾಗಲ್ಲ ಅಂತ ಯಾರೂ ಹೇಳಿಲ್ಲ. ಕಾರು ಡೆಲಿವರಿ ದಿನ ನೆನಪು ಮಾಡಿಕೊಳ್ಳಿ. ಕೇಕ್ ಕತ್ತರಿಸ್ತಾರೆ, ಫೋಟೊ ತೆಗೀತಾರೆ, ಟೈರಿನ ಕೆಳಗೆ ನಿಂಬೆಹಣ್ಣು ಇಡ್ತಾರೆ, ಫೋನ್ ಜೋಡಿಸಿ ಹಾಡು ಹಾಕೋದು ಹೇಗೆ ಅಂತ ಅರ್ಧ ಗಂಟೆ ತೋರಿಸ್ತಾರೆ. ಲೇನ್ ಕೀಪ್ ಬಗ್ಗೆ? ‘ಎಲ್ಲಾ ಆಟೊಮ್ಯಾಟಿಕ್ ಸರ್’ ಅಂತಾರೆ. ಅಲ್ಲಿಂದಲೇ ಒಬ್ಬರು ಪಕ್ಕದಲ್ಲಿ ಕೂತು ಹತ್ತು ಕಿಲೋಮೀಟರು ಹೈವೇಯಲ್ಲಿ ಕರಕೊಂಡು ಹೋಗಿ ತೋರಿಸಿದ್ದರೆ, ಭಾವನೂ ಅವತ್ತು ಅಷ್ಟು ಬೆಚ್ಚಿಬೀಳ್ತಿರಲಿಲ್ಲ, ನಾನೂ ಮೆನುಗೆ ಕೈ ಹಾಕ್ತಿರಲಿಲ್ಲ.

ಬಾಗಿಲು, ಕನ್ನಡಿ ಎಲ್ಲ ರಿಪೇರಿ ಆಗಿ ಬಂದ ಮೇಲೆ ನಾನೇ ದಾವಣಗೆರೆಗೆ ಹೋಗಿ ಸರಿಯಾಗಿ ಸೆಟ್ ಮಾಡಿಕೊಟ್ಟು ಬಂದೆ. ಈಗ ಭಾವ ಬಡಾವಣೆಯ ಒಳರಸ್ತೆಯಲ್ಲೂ, ಯಾರೂ ಇಲ್ಲದ ತಿರುವಿನಲ್ಲೂ ಇಂಡಿಕೇಟರ್ ಹಾಕ್ತಾರಂತೆ. ಅಕ್ಕನಿಗೆ ಅದೇ ಒಂದು ನಗೆ. ‘ಯಾರಿಗೆ ತೋರಿಸ್ತೀರಾ, ನಾಯಿಗಾ?’ ಅಂತಾಳೆ. ‘ಕಾರಿಗೆ’ ಅಂತಾರೆ ಇವರು.

ನಿಮ್ಮ ಕಾರು ನಿಮ್ಮ ಹತ್ತಿರ ಯಾವಾಗ, ಎಲ್ಲಿ ಜಗಳ ಆಡಿತು ಅಂತ ನಮಗೆ ಧ್ವನಿ ಸಂದೇಶ ಕಳಿಸಿ. ಯಾವ ರಸ್ತೆ, ಹಗಲೋ ರಾತ್ರಿಯೋ, ಮಳೆ ಇತ್ತಾ ಅಂತ ಹೇಳೋದನ್ನ ಮರೀಬೇಡಿ.